ಹಗೇವು ಮತ್ತು ಕೈಮರ
ಗಣಕ ಯಂತ್ರದ ಉಗ್ರಾಣವನ್ನು ಮರಳಿ ಜೋಡಿಸಿದ ವೃತ್ತಾಂತ

ರಾಯಚೂರಿನಿಂದ ಮಾನ್ವಿಯ ಕಡೆಗೆ ಹೊರಟ ಪ್ರಯಾಣಿಕನಿಗೆ ದಾರಿಯಲ್ಲಿ ಕಲ್ಮಲ ಎಂಬ ಊರು ಎದುರಾಗುತ್ತದೆ. ಹೆದ್ದಾರಿ ಅಲ್ಲಿ ಕವಲಾಗಿ, ಒಂದು ಕವಲು ಮಾನ್ವಿ, ಸಿಂಧನೂರುಗಳತ್ತಲೂ ಇನ್ನೊಂದು ಲಿಂಗಸುಗೂರಿನತ್ತಲೂ ಹೊರಳುತ್ತದೆ. ಗಣಕ ಯಂತ್ರದ ಒಳಗುಟ್ಟನ್ನು ವಿವರಿಸಹೊರಟ ನಾವು ಹಳ್ಳಿಯೊಂದರಿಂದ ಆರಂಭಿಸುವುದನ್ನು ಕಂಡು ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಇಂದಿನ ಪಾಠಕ್ಕೆ ಬೇಕಾದ ಎರಡು ವಸ್ತುಗಳು, ಎಂದರೆ ಹಗೇವು ಮತ್ತು ಕೈಮರ, ಇಂತಹ ಸೀಮೆಯಲ್ಲಿಯೇ ದೊರೆಯುವುವು.

ಹಗೇವೆಂದರೇನೆಂಬುದನ್ನು ಇಲ್ಲಿಯ ಹಿರಿಯರಿಗೆ ಹೇಳಬೇಕಾದುದಿಲ್ಲ. ಸುಗ್ಗಿಯ ಜೋಳವನ್ನು ತುಂಬಿಡಲು ನೆಲದೊಳಗೆ ತೋಡಿದ ಕಣಜವೇ ಹಗೇವು. ಅದರ ಬಾಯಿಗೆ ಚಪ್ಪಡಿ ಹಾಸಿ, ಮಣ್ಣು ಮುಚ್ಚಿ, ಗಾಳಿ ನೀರು ತಾಗದಂತೆ ಕಾಪಾಡುತ್ತಿದ್ದರು. ಅಡಿಗೆಮನೆಯ ಗಡಿಗೆಯಲ್ಲಿ ಕೆಲವು ದಿನಗಳಿಗೆ ಸಾಕಾಗುವಷ್ಟು ಕಾಳು, ಮಿಕ್ಕುದೆಲ್ಲ ಹಗೇವಿನಲ್ಲಿ. ಹಗೇವನ್ನು ತೆಗೆಯುವ ದಿನ ಗುದ್ದಲಿ ಬೇಕು, ಹಗ್ಗ ಬೇಕು, ಒಳಗಿನ ಗಾಳಿ ಉಸಿರಾಟಕ್ಕೆ ಯೋಗ್ಯವೇ ಎಂದು ತಿಳಿಯಲು ಇಳಿಬಿಡುವ ದೀಪ ಬೇಕು. ಈ ಮೂರನ್ನೂ ಹಗೇವಿನೊಳಗೇ ಇಟ್ಟು ಬಾಯಿ ಮುಚ್ಚುವ ಗೃಹಸ್ಥನುಂಟೆ? ತೆರೆಯುವ ಉಪಕರಣವು ತೆರೆಯಬೇಕಾದುದರ ಹೊರಗೇ ಇರಬೇಕು. ಈ ಸರಳ ತತ್ವವು ಗಣಕ ಯಂತ್ರಗಳ ಒಂದು ದೊಡ್ಡ ಕುಲವನ್ನು ಸುಮಾರು ನಾಲ್ಕು ದಶಕಗಳ ಕಾಲ ಆಳಿತು. ಆಮೇಲೆ ಅದರ ಅಗತ್ಯ ತೀರಿತು. ಅಗತ್ಯ ತೀರಿದ ಮೇಲೂ ಉಳಿದುಬಂದ ಆ ಏರ್ಪಾಡನ್ನು ಬದಲಿಸುವುದು ಎಷ್ಟು ಕಷ್ಟವಾಯಿತು, ಏಕೆ ಕಷ್ಟವಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ವಿಳಾಸವೆಂಬ ಏಣಿ

ಗಣಕ ಯಂತ್ರದಲ್ಲಿ ನಾವು ಕೂಡಿಡುವ ಬರಹ, ಚಿತ್ರ, ಲೆಕ್ಕ ಮೊದಲಾದ ಪ್ರತಿಯೊಂದಕ್ಕೂ ಕಡತವೆಂದು ಹೆಸರು. ಯಂತ್ರವು ನಡೆಸಬೇಕಾದ ಕೆಲಸವನ್ನು ಹಂತಹಂತವಾಗಿ ವಿಧಿಸುವ ಕ್ರಮವಿಧಿಯೂ ಒಂದು ಕಡತವೇ. ಹಲವು ಕಡತಗಳನ್ನು ಒಟ್ಟಿಗಿಡುವ ಸ್ಥಾನವನ್ನು ಕೋಶವೆನ್ನೋಣ. ಕೋಶದೊಳಗೆ ಕೋಶವಿರಬಹುದು, ಅದರೊಳಗೆ ಮತ್ತೊಂದಿರಬಹುದು. ಎಲ್ಲಕ್ಕೂ ಹೊರಗಿನ, ಎಲ್ಲವನ್ನೂ ಒಳಗೊಂಡ ಕೋಶವೇ ಮೂಲಕೋಶ. ಅದನ್ನು ಒಂದು ಓರೆಗೆರೆಯಿಂದ ಸೂಚಿಸುವುದು ವಾಡಿಕೆ.

ಕಲ್ಮಲದ ನಿವಾಸಿಯೊಬ್ಬನಿಗೆ ಕಾಗದ ಬರೆಯುವಾಗ ರಾಜ್ಯ, ಜಿಲ್ಲೆ, ತಾಲೂಕು, ಊರು, ಮನೆ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಳಾಸ ಬರೆಯುವೆವಷ್ಟೆ. ಕಡತದ ವಿಳಾಸವೂ ಹಾಗೆಯೇ. ‘/ಬಿನ್/ಎಲ್‌ಎಸ್’ ಎಂದರೆ, ಮೂಲಕೋಶದಲ್ಲಿರುವ ‘ಬಿನ್’ ಎಂಬ ಕೋಶದಲ್ಲಿನ ‘ಎಲ್‌ಎಸ್’ ಎಂಬ ಕ್ರಮವಿಧಿ ಎಂದರ್ಥ. ಕೋಶದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ತೋರಿಸುವುದು ಅದರ ಕೆಲಸ.

ವಿಳಾಸವೂ ವಸ್ತುವೂ ಒಂದೇ ಅಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. 1956ರ ನವೆಂಬರ್ 1ರವರೆಗೆ ಕಲ್ಮಲವು ಹೈದರಾಬಾದು ರಾಜ್ಯದಲ್ಲಿತ್ತು. ಅಂದಿನಿಂದ ಮೈಸೂರು ರಾಜ್ಯದಲ್ಲಿ. 1973ರ ನವೆಂಬರ್ 1ರಿಂದ ಕರ್ನಾಟಕದಲ್ಲಿ. ವಿಳಾಸದ ಮೊದಲ ಮೆಟ್ಟಿಲು ಎರಡು ಸಲ ಬದಲಾದರೂ ಊರಿನ ಒಂದು ಕಲ್ಲೂ ಕದಲಲಿಲ್ಲ. 1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಮಾನ್ವಿ ತಾಲೂಕಿನಲ್ಲಿದ್ದ ಸಿರವಾರವು 2017ರಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲೊಂದು. ಇಂತಹ ಬದಲಾವಣೆಯಾದಾಗ ಹಳೆಯ ವಿಳಾಸ ಬರೆದ ಕಾಗದವೂ ತಲಪುವುದು, ಅಂಚೆಯವನಿಗೆ ಹಳೆಯದೂ ಹೊಸದೂ ಎರಡೂ ಗೊತ್ತಿರುವುದರಿಂದ. ಗಣಕ ಯಂತ್ರಕ್ಕೆ ಅಂತಹ ಲೋಕಜ್ಞಾನವಿಲ್ಲ. ಒಂದಕ್ಷರ ತಪ್ಪಿದರೂ ‘ಅಂತಹ ಕಡತವಿಲ್ಲ’ ಎಂದು ಅದು ನಿರ್ದಾಕ್ಷಿಣ್ಯವಾಗಿ ಹೇಳಿಬಿಡುವುದು. ನಮ್ಮ ಕಥೆಯ ಕಷ್ಟವೆಲ್ಲ ಹುಟ್ಟುವುದು ಇಲ್ಲಿಯೇ.

ಗಡಿಗೆ ಸಾಲದೆ ಬಂದಾಗ

ಯಂತ್ರದ ಅಂಗಾಂಗಗಳನ್ನು ಹತೋಟಿಯಲ್ಲಿಟ್ಟುಕೊಂಡು, ಉಳಿದ ಕ್ರಮವಿಧಿಗಳಿಗೆಲ್ಲ ಆಶ್ರಯ ಕೊಡುವ ಮೂಲ ಏರ್ಪಾಡಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಇಂತಹ ವ್ಯವಸ್ಥೆಗಳಲ್ಲಿ ಯೂನಿಕ್ಸ್ ಪ್ರಸಿದ್ಧವಾದುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಅದನ್ನು ಆರಂಭಿಸಿದರು. 1970ರಲ್ಲಿ ಅವರಿಗೆ ಪಿಡಿಪಿ-11 ಎಂಬ ಹೊಸ ಯಂತ್ರ ದೊರೆಯಿತು. ಅದರ ಸ್ಮೃತಿಯ ಗಾತ್ರ 24 ಕಿಲೋಬೈಟು. ಕಡತಗಳನ್ನಿಡುವ ತಟ್ಟೆಯ ಗಾತ್ರ 512 ಕಿಲೋಬೈಟು. ಇಂದು ಜೇಬಿನ ದೂರವಾಣಿಯಲ್ಲಿ ತೆಗೆಯುವ ಒಂದೇ ಒಂದು ಛಾಯಾಚಿತ್ರಕ್ಕೆ ಆ ತಟ್ಟೆ ಸಾಲದು!

ಸಾಲದುದು ಇಂದಿಗೆ ಮಾತ್ರವಲ್ಲ, ಅಂದಿಗೂ ಅದು ಬೇಗನೆ ಸಾಲದಾಯಿತು. ಆದಕಾರಣ ಯಂತ್ರಕ್ಕೆ ಇನ್ನೊಂದು, ಹೆಚ್ಚು ದೊಡ್ಡದಾದ ತಟ್ಟೆಯನ್ನು ಜೋಡಿಸಿದರು. ವೇಗವಾದ ಚಿಕ್ಕ ತಟ್ಟೆಯಲ್ಲಿ ಮೂಲಕೋಶ. ದೊಡ್ಡ ತಟ್ಟೆಯಲ್ಲಿ ಬಳಕೆದಾರರ ಸ್ವಂತ ಕಡತಗಳು. ಬಳಕೆದಾರನೆಂಬ ಅರ್ಥದ ಇಂಗ್ಲಿಷ್ ಪದವನ್ನು ಮೊಟಕುಮಾಡಿ ಈ ಎರಡನೆಯದಕ್ಕೆ ‘ಯುಎಸ್‌ಆರ್’ ಎಂದು ಹೆಸರಿಟ್ಟರು. ಎರಡನೆಯ ತಟ್ಟೆಯನ್ನು ಮೂಲಕೋಶದ ಒಂದು ಕೊಂಬೆಯೋ ಎಂಬಂತೆ ಕೂಡಿಸಿಕೊಳ್ಳುವ ಕ್ರಿಯೆಗೆ ಆರೋಹಣ ಎನ್ನುವರು. ಯಂತ್ರವು ಎಚ್ಚರಗೊಂಡೊಡನೆ ಮಾಡುವ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು.

ಕ್ರಮವಿಧಿಗಳ ಸಂಖ್ಯೆ ಬೆಳೆದಂತೆ ಚಿಕ್ಕ ತಟ್ಟೆಯ ‘ಬಿನ್’ ತುಂಬಿತು. ಹೊಸ ಕ್ರಮವಿಧಿಗಳಿಗೆ ಜಾಗ ದೊರೆತುದು ದೊಡ್ಡ ತಟ್ಟೆಯಲ್ಲಿ. ಹೀಗೆ ‘/ಬಿನ್’ ಒಂದಿರಲು ‘/ಯುಎಸ್‌ಆರ್/ಬಿನ್’ ಎಂಬ ಇನ್ನೊಂದು ಹುಟ್ಟಿತು. ಅನೇಕ ಕ್ರಮವಿಧಿಗಳು ಹಂಚಿಕೊಂಡು ಬಳಸುವ ಸಾಮಗ್ರಿಯ ಕೋಶವಾದ ‘ಲಿಬ್’ ಕೂಡ ಹೀಗೆಯೇ ಎರಡಾಯಿತು; ಮುಂದೆ ಬಂದ, ಯಂತ್ರದ ಮೇಲ್ವಿಚಾರಕನ ಉಪಕರಣಗಳ ‘ಎಸ್‌ಬಿನ್’ ಎಂಬ ಕೋಶವೂ ಎರಡಾಗಿಯೇ ಬೆಳೆಯಿತು. ಕಾಲಕ್ರಮದಲ್ಲಿ ಬಳಕೆದಾರರ ಸ್ವಂತ ಕಡತಗಳು ಬೇರೆ ಕಡೆಗೆ ಹೋದುವು. ಯಾರ ಹೆಸರಿನಲ್ಲಿ ‘ಯುಎಸ್‌ಆರ್’ ಹುಟ್ಟಿತೋ ಅವರೇ ಅಲ್ಲಿ ಉಳಿಯಲಿಲ್ಲ.

ಇನ್ನು ಹಗೇವಿನ ತತ್ವವನ್ನು ನೆನೆಯೋಣ. ಆರೋಹಣ ಮಾಡುವ ಕ್ರಮವಿಧಿಯೇ ‘/ಯುಎಸ್‌ಆರ್’ ಒಳಗಿದ್ದರೆ, ‘/ಯುಎಸ್‌ಆರ್’ಅನ್ನು ಆರೋಹಣ ಮಾಡುವವರು ಯಾರು? ಗುದ್ದಲಿ ಹಗೇವಿನೊಳಗೆ ಸಿಕ್ಕಿಕೊಂಡಂತಾಯಿತು. ಆದುದರಿಂದ ಯಂತ್ರವನ್ನು ಎಬ್ಬಿಸಲೂ, ಕೆಟ್ಟರೆ ಸರಿಪಡಿಸಲೂ ಅತ್ಯವಶ್ಯಕವಾದ ಉಪಕರಣಗಳು ಮೂಲಕೋಶದ ‘ಬಿನ್’ನಲ್ಲಿಯೂ ಉಳಿದುವು ‘ಯುಎಸ್‌ಆರ್’ನಲ್ಲಿಯೂ ಇರತಕ್ಕದ್ದೆಂಬುದು ನಿಯಮವಾಯಿತು. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕೂಡ ಈ ಸಂಪ್ರದಾಯವನ್ನೇ ಹಿಡಿಯಿತು. ಲಿನಕ್ಸಿನ ಕೋಶಗಳ ಏರ್ಪಾಡನ್ನು ಗೊತ್ತುಪಡಿಸುವ ಮೊದಲ ಲಿಖಿತ ನಿಯಮಾವಳಿ 1994ರಲ್ಲಿ ಹೊರಬಂದಿತು. ಸ್ಥಳದ ಅಭಾವದಿಂದ ಆದ ಏರ್ಪಾಡು ಶಾಸ್ತ್ರವಾಯಿತು.

ಕಾರಣ ಹೋಯಿತು, ಕಾರ್ಯ ಉಳಿಯಿತು

ತಟ್ಟೆಗಳು ದೊಡ್ಡವಾದುವು. ಅರ್ಧ ಮೆಗಾಬೈಟಿದ್ದೆಡೆಯಲ್ಲಿ ಅದರ ಲಕ್ಷಾಂತರ ಪಟ್ಟು ಸ್ಥಳ ದೊರೆಯತೊಡಗಿತು. ಜಾಗವಿಲ್ಲವೆಂಬ ಮೊದಲ ಕಾರಣ ಹೀಗೆ ತೀರಿಹೋಯಿತು.

ಗುದ್ದಲಿಯು ಹೊರಗಿರಬೇಕೆಂಬ ಎರಡನೆಯ ಕಾರಣವೂ ಲಿನಕ್ಸಿನ ಮಟ್ಟಿಗೆ ಕ್ರಮೇಣ ಸಡಿಲವಾಯಿತು. ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಬಹುಪಾಲು, ಎಚ್ಚರಗೊಳ್ಳುವಾಗ ಮೊದಲು ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನು ಸ್ಮೃತಿಯೊಳಗೆ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಎಂದು ಹೆಸರು. ತಟ್ಟೆಯನ್ನು ಗುರುತಿಸಲು, ಪರೀಕ್ಷಿಸಲು, ಆರೋಹಣ ಮಾಡಲು ಬೇಕಾದ ಉಪಕರಣಗಳೆಲ್ಲ ಆ ಪುಟ್ಟ ಗಂಟಿನಲ್ಲಿಯೇ ಇರುವುವು. ತನ್ನ ಗುದ್ದಲಿಯನ್ನೂ ತನ್ನ ದೀಪವನ್ನೂ ತಾನೇ ಹೊತ್ತು ತಂದು, ಹಗೇವಿನ ಬಾಯಿ ತೆರೆದುಕೊಟ್ಟು ಹೊರಟುಹೋಗುವ ಕೆಲಸಗಾರನಂತೆ ಅದು ವರ್ತಿಸುವುದು. ಇಂತಹ ಕೆಲಸಗಾರನು ದಿನವೂ ಬರುವನೆಂದಾದ ಮೇಲೆ, ಅಡಿಗೆಮನೆಯಲ್ಲೊಂದು ಹಗೇವಿನಲ್ಲೊಂದು ಎಂದು ಸಾಮಾನುಗಳನ್ನು ಎರಡು ಕಡೆ ಹಂಚಿಡುವುದು ಏತಕ್ಕೆ?

ಹಂಚಿಡುವುದರಿಂದ ತೊಂದರೆಯೂ ಇತ್ತು. ಯಾವ ಕ್ರಮವಿಧಿ ‘ಅತ್ಯವಶ್ಯಕ’, ಯಾವುದು ಅಲ್ಲ ಎಂಬ ಚರ್ಚೆಗೆ ಕೊನೆಯಿರಲಿಲ್ಲ. ಒಂದು ಬಳಗದ ಲಿನಕ್ಸಿನಲ್ಲಿ ‘/ಬಿನ್’ನಲ್ಲಿದ್ದುದು ಇನ್ನೊಂದು ಬಳಗದಲ್ಲಿ ‘/ಯುಎಸ್‌ಆರ್/ಬಿನ್’ನಲ್ಲಿರುತ್ತಿತ್ತು, ಒಂದೆಡೆ ಬರೆದ ಆಜ್ಞಾಪತ್ರವು ಇನ್ನೊಂದೆಡೆ ನಡೆಯದೆ ಹೋಗುತ್ತಿತ್ತು. ಎಲ್ಲವನ್ನೂ ‘/ಯುಎಸ್‌ಆರ್’ ಒಂದರಲ್ಲಿಯೇ ಕೂಡಿಸಿದರೆ ಮತ್ತೊಂದು ಲಾಭವೂ ಉಂಟು. ತಯಾರಕರು ಕೊಟ್ಟ ವ್ಯವಸ್ಥೆಯೆಲ್ಲವೂ ಒಂದೇ ಕೋಶದಲ್ಲಿ. ಈ ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಏರ್ಪಾಡುಗಳೂ ಬಳಕೆದಾರನ ಬರಹಗಳೂ ಅದರ ಹೊರಗೆ. ಆಗ ‘/ಯುಎಸ್‌ಆರ್’ಅನ್ನು ಯಾರೂ ತಿದ್ದದಂತೆ ಬೀಗ ಹಾಕಬಹುದು, ಇಡಿಯಾಗಿ ನಕಲು ತೆಗೆದಿಡಬಹುದು, ಹೊಸ ಆವೃತ್ತಿ ಕೆಟ್ಟರೆ ಹಳೆಯದನ್ನು ಇಡಿಯಾಗಿ ಮರಳಿ ತರಬಹುದು.

ಕೈಮರದ ಉಪಾಯ

ಕೂಡಿಸುವುದೇನೋ ಸರಿ. ಆದರೆ ‘/ಬಿನ್’ ಎಂಬ ವಿಳಾಸವನ್ನು ಅಳಿಸಿಬಿಡಬಹುದೆ? ಖಂಡಿತ ಆಗದು. ಯೂನಿಕ್ಸ್ ಕುಲದ ಆಜ್ಞಾಪತ್ರಗಳಲ್ಲಿ, ಇದನ್ನು ಓದಿ ನಡೆಸತಕ್ಕವರು ಯಾರೆಂಬುದನ್ನು ಮೊದಲ ಸಾಲಿನಲ್ಲಿಯೇ ಪೂರ್ಣ ವಿಳಾಸ ಸಹಿತ ಬರೆಯುವರು. ‘/ಬಿನ್/ಎಸ್‌ಎಚ್’ ಎಂಬ ವಿಳಾಸವನ್ನು ಹೀಗೆ ತಲೆಯ ಮೇಲೆ ಹೊತ್ತ ಆಜ್ಞಾಪತ್ರಗಳು ಲೋಕದಲ್ಲಿ ಎಷ್ಟಿವೆಯೋ ಎಣಿಸಿದವರಿಲ್ಲ. ಅವನ್ನು ಬರೆದವರಲ್ಲಿ ಹಲವರು ಕೆಲಸ ಬಿಟ್ಟಿರುವರು, ಕೆಲವರು ಲೋಕವನ್ನೇ ಬಿಟ್ಟಿರುವರು. ಎಲ್ಲವನ್ನೂ ಹುಡುಕಿ ತಿದ್ದುವುದು ಯಾರಿಂದಲೂ ಸಾಧ್ಯವಿಲ್ಲ.

ಇಲ್ಲಿ ನೆರವಿಗೆ ಬರುವುದು ಕೈಮರ. ಕವಲುದಾರಿಯಲ್ಲಿ ನಿಂತ ಕೈಮರವು ತಾನೇ ಊರಲ್ಲ. ಊರು ಇತ್ತ ಇದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಕಡತಗಳ ಲೋಕದಲ್ಲಿಯೂ ಇಂತಹದೊಂದುಂಟು. ಅದರೊಳಗೆ ಇರುವುದು ಬೇರೊಂದು ವಿಳಾಸ ಮಾತ್ರ. ಯಂತ್ರವು ಅದನ್ನು ಮುಟ್ಟಿದೊಡನೆ ಅಲ್ಲಿ ಬರೆದ ವಿಳಾಸಕ್ಕೆ ಹೊರಳಿಕೊಳ್ಳುವುದು. ಸಂಕೇತಕೊಂಡಿ ಎಂದು ಇದನ್ನು ಕರೆಯುವರು. 1983ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಿಂದ ಬಂದ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಇದನ್ನು ರೂಢಿಗೆ ತಂದಿತು. ‘/ಬಿನ್’ನಲ್ಲಿದ್ದ ಸರಕನ್ನೆಲ್ಲ ‘/ಯುಎಸ್‌ಆರ್/ಬಿನ್’ಗೆ ಸಾಗಿಸಿ, ‘/ಬಿನ್’ ಇದ್ದೆಡೆಯಲ್ಲಿ ‘ಯುಎಸ್‌ಆರ್/ಬಿನ್’ ಎಂದು ತೋರಿಸುವ ಕೈಮರವೊಂದನ್ನು ನೆಟ್ಟರೆ, ಹಳೆಯ ವಿಳಾಸ ಹಿಡಿದು ಬಂದವನೂ ಹೊಸ ಮನೆಗೇ ಸೇರುವನು.

ಸನ್ ಸಂಸ್ಥೆಯ ಯೂನಿಕ್ಸ್ 1980ರ ದಶಕದಲ್ಲಿಯೇ ‘/ಬಿನ್’ಅನ್ನು ಕೈಮರವಾಗಿ ಮಾಡಿತ್ತು. ಲಿನಕ್ಸಿನ ಬಳಗಗಳಲ್ಲಿ ಫೆಡೋರಾ ಈ ಕಾರ್ಯಕ್ಕೆ ಮುಂದಾಯಿತು. ಹರಾಲ್ಡ್ ಹೋಯರ್ ಮತ್ತು ಕೇ ಸೀವರ್ಸ್ ಎಂಬವರ ಸೂಚನೆಯಂತೆ 2012ರ ಮೇ ತಿಂಗಳಲ್ಲಿ ಹೊರಬಂದ ಫೆಡೋರಾ 17ರಲ್ಲಿ ಈ ಏಕೀಕರಣ ನೆರವೇರಿತು. 2013ರಲ್ಲಿ ಆರ್ಚ್ ಲಿನಕ್ಸ್ ಅದೇ ದಾರಿ ಹಿಡಿದು, ‘ಎಸ್‌ಬಿನ್’ಗಳನ್ನೂ ಒಂದೇ ‘ಬಿನ್’ನಲ್ಲಿ ಸೇರಿಸಿಬಿಟ್ಟಿತು.

ಏಣಿಯನ್ನು ತೆಗೆಯುವ ಕ್ಷಣ

ಸರಕು ಸಾಗಿಸಿ ಕೈಮರ ನೆಡುವುದು ಎರಡು ಹೆಜ್ಜೆಯ ಕೆಲಸವಾಗಿ ತೋರುವುದು. ಆ ಎರಡು ಹೆಜ್ಜೆಗಳ ನಡುವಣ ಕ್ಷಣದಲ್ಲಿ ಅಪಾಯವಿದೆ. ಅದು ಹೇಗೆಂಬುದನ್ನು ತಿಳಿಯಲು ಕ್ರಮವಿಧಿಯೊಂದು ಹೇಗೆ ಆರಂಭವಾಗುವುದೆಂದು ನೋಡಬೇಕು.

ಬಹುತೇಕ ಕ್ರಮವಿಧಿಗಳು ತಮಗೆ ಬೇಕಾದ ಎಲ್ಲ ಸಾಮಗ್ರಿಯನ್ನೂ ತಾವೇ ಹೊತ್ತುಕೊಂಡಿರುವುದಿಲ್ಲ. ಸಾಮಾನ್ಯ ಕೆಲಸಗಳ ವಿಧಿಗಳು ‘ಲಿಬ್’ ಕೋಶದಲ್ಲಿರುವುವು. ಕ್ರಮವಿಧಿ ಎದ್ದೊಡನೆ ಅವನ್ನು ಹುಡುಕಿ ತಂದು ಜೋಡಿಸಿಕೊಡುವವನು ಜೋಡಕನೆಂಬ ಒಂದು ವಿಶೇಷ ಕ್ರಮವಿಧಿ. ಈ ಜೋಡಕನ ಪೂರ್ಣ ವಿಳಾಸವನ್ನು ಅವನ ನೆರವು ಬೇಕಾದ ಪ್ರತಿಯೊಂದು ಕ್ರಮವಿಧಿಯ ಒಡಲಿನಲ್ಲಿಯೂ ಕೆತ್ತಿರುವುದು. ಇಂದಿನ ಸಾಮಾನ್ಯ 64 ಬಿಟ್ಟಿನ ಲಿನಕ್ಸ್ ಯಂತ್ರಗಳಲ್ಲಿ ಆ ವಿಳಾಸ ‘/ಲಿಬ್64’ ಎಂಬ ಕೋಶದಲ್ಲಿದೆ. ಈ ಕೋಶವೂ ‘/ಯುಎಸ್‌ಆರ್’ಗೆ ಹೋಗಬೇಕಾದುದೇ.

ಈಗ ಅನನುಭವಿಯೊಬ್ಬನು ‘/ಲಿಬ್64’ಅನ್ನು ಸರಿಸಿ, ಅನಂತರ ಕೈಮರ ನೆಡೋಣವೆಂದುಕೊಂಡನೆನ್ನಿ. ಸರಿಸುವ ಆಜ್ಞೆ ಕೊಟ್ಟನು. ಅದು ಸುಖವಾಗಿ ನಡೆಯಿತು. ಕೈಮರ ನೆಡುವ ಆಜ್ಞೆ ಕೊಟ್ಟನು, ಅದು ನಡೆಯಲಿಲ್ಲ! ಕೈಮರ ನೆಡುವುದೂ ಒಂದು ಕ್ರಮವಿಧಿಯೇ. ಅದಕ್ಕೂ ಜೋಡಕ ಬೇಕು. ಜೋಡಕನು ಹಳೆಯ ವಿಳಾಸದಲ್ಲಿ ಇಲ್ಲ. ಸರಿ, ಸರಿಸಿದುದನ್ನು ಹಿಂದಕ್ಕಾದರೂ ತರೋಣವೆಂದರೆ, ಅದಕ್ಕೂ ಜೋಡಕ ಬೇಕು. ಕಡತವೊಂದೂ ಅಳಿದಿಲ್ಲ, ತಟ್ಟೆಗೆ ಗೀರೂ ಬಿದ್ದಿಲ್ಲ. ಆದರೂ ಆ ಯಂತ್ರವು ಕೈಕಾಲು ಕಟ್ಟಿದಂತಾಗುವುದು. ಹಗೇವಿಗೆ ಇಳಿದವನು ಏಣಿಯನ್ನು ತಾನೇ ಮೇಲಕ್ಕೆ ನೂಕಿದಂತೆ!

ಇದರಿಂದ ಪಾರಾಗುವ ದಾರಿಗಳು ಉಂಟು. ಆಗಲೇ ನಡೆಯುತ್ತಿರುವ ಕ್ರಮವಿಧಿಗೆ ತನ್ನ ಮಟ್ಟಿಗೆ ಜೋಡಕನ ಅಗತ್ಯವಿಲ್ಲ. ಅವನ ಕೆಲಸ ಅದು ಏಳುವಾಗಲೇ ಮುಗಿದಿರುವುದು. ಆದುದರಿಂದ ಸರಿಸುವುದನ್ನೂ ನೆಡುವುದನ್ನೂ ಒಂದೇ ಕ್ರಮವಿಧಿಯು ತಾನೇ ಮಾಡಿ ಮುಗಿಸಬಹುದು. ಇಲ್ಲವೆ ಯಂತ್ರವನ್ನು ಮಲಗಿಸಿ, ಮರಳಿ ಎಬ್ಬಿಸುವಾಗ ಮೇಲೆ ಹೇಳಿದ ತಾತ್ಕಾಲಿಕ ವ್ಯವಸ್ಥೆಯ ಕೈಯಿಂದಲೇ ಇದನ್ನು ಮಾಡಿಸಬಹುದು; ಅದು ತನ್ನ ಉಪಕರಣಗಳನ್ನು ತಾನೇ ತಂದಿರುವುದಷ್ಟೆ. ಹಳೆಯ ಯಂತ್ರಗಳನ್ನು ಹೊಸ ಏರ್ಪಾಡಿಗೆ ತರಲು ಫೆಡೋರಾ ಬಳಸಿದ ದಾರಿ ಇದೇ. ಮೊದಲು ಪಕ್ಕದಲ್ಲಿಯೇ ಕೂಡಿಸಿದ ಹೊಸ ಪ್ರತಿಯೊಂದನ್ನು ಸಿದ್ಧಪಡಿಸಿಕೊಂಡು, ಎಲ್ಲವೂ ಸರಿಯೆಂದಾದ ಮೇಲೆ ಹೆಸರುಗಳನ್ನು ಬದಲಿಸುತ್ತಿದ್ದರು.

ಪಟವಾರಿಯ ಪುಸ್ತಕ

ಸರಕು ಸೇರಿತು, ಕೈಮರವೂ ನಿಂತಿತು. ಇಷ್ಟಕ್ಕೆ ಕೆಲಸ ಮುಗಿಯಿತೆ? ಡೆಬಿಯನ್ ಎಂಬ ಹಿರಿಯ ಬಳಗದ ಅನುಭವವು ಇಲ್ಲವೆನ್ನುತ್ತದೆ. ನಮ್ಮ ರಾಜ್ಯದ ಕೆಲವು ಶಾಲೆಗಳಲ್ಲಿಯೂ ಬಳಕೆಗೆ ಬಂದ ಉಬುಂಟು ಈ ಡೆಬಿಯನ್ನಿನ ಸಂತಾನವೇ ಆದುದರಿಂದ, ಈ ಅನುಭವ ನಮಗೆ ದೂರದ ಮಾತಲ್ಲ.

ಡೆಬಿಯನ್ನಿನಲ್ಲಿ ತಂತ್ರಾಂಶವು ಪೊಟ್ಟಣಗಳಾಗಿ ಬರುವುದು. ಯಾವ ಪೊಟ್ಟಣದಿಂದ ಯಾವ ಕಡತ, ಯಾವ ವಿಳಾಸದಲ್ಲಿ ಇಳಿಯಿತೆಂಬುದನ್ನು ಡಿಪಿಕೆಜಿ ಎಂಬ ಕ್ರಮವಿಧಿಯು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು. ನಿಜಾಮರ ಕಾಲದ ಪಟವಾರಿಯನ್ನು ವಾಚಕರು ಊಹಿಸಿಕೊಳ್ಳಲಿ. ಅವನ ಪುಸ್ತಕದಲ್ಲಿ ಒಂದೇ ಮನೆಗೆ ಎರಡು ವಿಳಾಸಗಳಿದ್ದು, ಅವೆರಡೂ ಒಂದೇ ಮನೆಯೆಂದು ಅವನಿಗೆ ತಿಳಿಯದಿದ್ದರೆ ಏನಾದೀತು? ಡಿಪಿಕೆಜಿಯ ಸ್ಥಿತಿ ಇದೇ ಆಗಿತ್ತು. ನೆಲದ ಮೇಲೆ ‘/ಬಿನ್’ ಮತ್ತು ‘/ಯುಎಸ್‌ಆರ್/ಬಿನ್’ ಒಂದೇ ಆದರೂ ಅದರ ಪುಸ್ತಕದಲ್ಲಿ ಅವು ಎರಡು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ಹಳೆಯ ಆವೃತ್ತಿಯಲ್ಲಿ ‘ಅ’ ಎಂಬ ಪೊಟ್ಟಣವು ‘ಕ’ ಎಂಬ ಕ್ರಮವಿಧಿಯನ್ನು ‘/ಬಿನ್/ಕ’ ಎಂಬ ವಿಳಾಸದಲ್ಲಿ ತಂದಿತ್ತು. ಹೊಸ ಆವೃತ್ತಿಯಲ್ಲಿ ಅದು ‘ಆ’ ಎಂಬ ಪೊಟ್ಟಣಕ್ಕೆ ವರ್ಗವಾಗಿ, ವಿಳಾಸವೂ ‘/ಯುಎಸ್‌ಆರ್/ಬಿನ್/ಕ’ ಎಂದಾಯಿತು. ಬಳಕೆದಾರನು ತನ್ನ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸುವಾಗ ಮೊದಲು ‘ಆ’ ಬಂದು ‘ಕ’ವನ್ನು ಹೊಸ ವಿಳಾಸದಲ್ಲಿಟ್ಟಿತು. ಬಳಿಕ ‘ಅ’ದ ಹೊಸ ಆವೃತ್ತಿ ಬಂದಿತು. ಡಿಪಿಕೆಜಿ ಪುಸ್ತಕ ತೆರೆಯಿತು: ‘/ಬಿನ್/ಕ’ ಹಿಂದೆ ‘ಅ’ದ ಸೊತ್ತು, ಈಗ ‘ಅ’ ಅದನ್ನು ಬಿಟ್ಟಿದೆ, ಬೇರೆ ಯಾರೂ ಆ ವಿಳಾಸವನ್ನು ತಮ್ಮದೆನ್ನುತ್ತಿಲ್ಲ, ಆದುದರಿಂದ ಅಳಿಸತಕ್ಕದ್ದು. ಅಳಿಸಿತು. ಆದರೆ ಕೈಮರವು ಆ ವಿಳಾಸವನ್ನು ‘/ಯುಎಸ್‌ಆರ್/ಬಿನ್’ಗೇ ಒಯ್ಯುವುದರಿಂದ ಅಳಿದುದು ಈಗತಾನೆ ಬಂದ ಹೊಸ ಕಡತ! ಪುಸ್ತಕದಲ್ಲಿ ‘ಕ’ ಕ್ಷೇಮವಾಗಿದೆ, ನೆಲದ ಮೇಲೆ ಅದು ಇಲ್ಲ. ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ಅಳಿದುದು ಯಂತ್ರವನ್ನು ಎಬ್ಬಿಸುವ ಕಡತವಾಗಿದ್ದರೆ, ಮರುದಿನ ಯಂತ್ರವು ಏಳುವುದೇ ಇಲ್ಲ.

ಇನ್ನೊಂದು ತೊಡಕೂ ಇತ್ತು. ಕೆಲವು ಯಂತ್ರಗಳು ಏಕೀಕೃತವಾಗಿ ಕೆಲವು ಹಳೆಯ ರೀತಿಯಲ್ಲಿ ಉಳಿದುವು. ಪೊಟ್ಟಣ ಕಟ್ಟುವಾಗ ಬೇಕಾದ ಉಪಕರಣಗಳ ವಿಳಾಸವನ್ನು ಹುಡುಕಿ ಅದರೊಳಗೆ ಬರೆದಿಡುವುದುಂಟು. ಏಕೀಕೃತ ಯಂತ್ರದಲ್ಲಿ ಕಟ್ಟಿದಾಗ ‘/ಯುಎಸ್‌ಆರ್/ಬಿನ್/ಸೆಡ್’ ಎಂದು ಬರೆಯಲ್ಪಟ್ಟ ವಿಳಾಸವು, ‘ಸೆಡ್’ ಇನ್ನೂ ‘/ಬಿನ್’ನಲ್ಲಿಯೇ ಇರುವ ಹಳೆಯ ಯಂತ್ರದಲ್ಲಿ ಸುಳ್ಳಾಗುತ್ತಿತ್ತು. ಹಳೆಯ ಏರ್ಪಾಡಾಗಲಿ ಹೊಸದಾಗಲಿ ಅಷ್ಟು ಕೆಡುಕಲ್ಲ. ಅರ್ಧ ಅದು ಅರ್ಧ ಇದು ಎಂಬ ಸ್ಥಿತಿಯೇ ಎಲ್ಲಕ್ಕಿಂತ ಕೆಡುಕೆಂದು ಹೀಗೆ ಕಂಡುಬಂದಿತು.

ಡೆಬಿಯನ್ ಸ್ವಯಂಸೇವಕರ ಬಳಗ. ಅಲ್ಲಿ ಅಪ್ಪಣೆ ಕೊಡುವ ದೊರೆಯಿಲ್ಲ, ಚರ್ಚೆ ದೀರ್ಘವಾಯಿತು. 2019ರಲ್ಲಿ ಬಂದ ಡೆಬಿಯನ್ 10ರಲ್ಲಿ, ಹೊಸದಾಗಿ ಸ್ಥಾಪಿಸುವ ಯಂತ್ರಗಳು ಏಕೀಕೃತವಾಗಿಯೇ ಆರಂಭವಾದುವು. ಡೆಬಿಯನ್ 12 ಏಕೀಕೃತ ಏರ್ಪಾಡೊಂದನ್ನೇ ಬೆಂಬಲಿಸತಕ್ಕದ್ದೆಂದು ಬಳಗದ ತಾಂತ್ರಿಕ ಸಮಿತಿಯು 2021ರಲ್ಲಿ ತೀರ್ಮಾನಿಸಿತು. ಆ ಆವೃತ್ತಿ 2023ರ ಜೂನಿನಲ್ಲಿ ಹೊರಬಂದಿತು. ಮೇಲೆ ಹೇಳಿದ ಅಪಾಯ ತಪ್ಪಲೆಂದು, ಕಡತಗಳನ್ನು ಪೊಟ್ಟಣದಿಂದ ಪೊಟ್ಟಣಕ್ಕೆ ಹೀಗೆ ವರ್ಗಮಾಡಕೂಡದೆಂಬ ತಡೆಯನ್ನೂ ಹಾಕಿಕೊಂಡಿದ್ದರು. ಆಮೇಲೆ ಪುಸ್ತಕವನ್ನೇ ತಿದ್ದುವ ಕೆಲಸ ನಡೆಯಿತು. ಹೆಲ್ಮುಟ್ ಗ್ರೋನೆ ಮತ್ತು ಇತರರು, ಎಲ್ಲೆಲ್ಲಿ ಕಡತ ಕಳೆದುಹೋಗುವ ಸಂಭವವಿದೆಯೆಂದು ಪೊಟ್ಟಣಗಳನ್ನು ಯಂತ್ರದಿಂದಲೇ ಪರೀಕ್ಷೆ ಮಾಡಿಸಿ, ಪೊಟ್ಟಣಗಳೊಳಗಿನ ಹಳೆಯ ವಿಳಾಸಗಳನ್ನು ‘/ಯುಎಸ್‌ಆರ್’ನ ವಿಳಾಸಗಳಾಗಿ ಬದಲಿಸುವ ಕಾರ್ಯವನ್ನು ನಡೆಸಿದರು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಹೊರಬರುವ ವೇಳೆಗೆ ನೆಲವೂ ಪುಸ್ತಕವೂ ಒಂದೇ ಮಾತನ್ನು ಹೇಳುವಂತಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಫೆಡೋರಾ 42 ತನ್ನ ‘ಎಸ್‌ಬಿನ್’ಅನ್ನೂ ‘ಬಿನ್’ನಲ್ಲಿ ಸೇರಿಸಿತು.

ಎಲ್ಲರೂ ಈ ದಾರಿ ಹಿಡಿದರೆಂದಲ್ಲ. ಫ್ರೀಬಿಎಸ್‌ಡಿ ಎಂಬ ಯೂನಿಕ್ಸ್ ವ್ಯವಸ್ಥೆಯಲ್ಲಿ ಎರಡು ‘ಬಿನ್’ಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ. ಜೊತೆಗೆ, ಜೋಡಕನ ಹಂಗಿಲ್ಲದೆ ನಡೆಯಬಲ್ಲ ದುರಸ್ತಿ ಉಪಕರಣಗಳಿಗಾಗಿ ‘/ರೆಸ್ಕ್ಯೂ’ ಎಂಬ ಪ್ರತ್ಯೇಕ ಕೋಶವನ್ನೂ ಅಲ್ಲಿ ಇಟ್ಟಿರುವರು. ಮನೆಗೊಂದು ಗುದ್ದಲಿ ಹೊರಗಿರಲಿ ಎಂಬ ಹಳೆಯ ವಿವೇಕವೂ ಅಲ್ಲಗಳೆಯತಕ್ಕದ್ದಲ್ಲ.

ಒಂದು ಪ್ರಯೋಗ

ವಾಚಕರು ಇದನ್ನು ಸ್ವತಃ ನೋಡಬಹುದು. ಇತ್ತೀಚಿನ ಉಬುಂಟು ಇರುವ ಯಂತ್ರವೊಂದರಲ್ಲಿ ಆಜ್ಞೆಗಳನ್ನು ಬೆರಳಚ್ಚಿಸುವ ಕಿಟಕಿಯನ್ನು ತೆರೆಯಿರಿ. ರೋಮನ್ ಸಣ್ಣ ಅಕ್ಷರಗಳಲ್ಲಿ ಎಲ್, ಎಸ್ ಎಂದು ಒತ್ತಿ, ತೆರಪು ಬಿಟ್ಟು, ಕಿರುಗೆರೆಯೊಡನೆ ಎಲ್, ಡಿ ಎಂದು ಒತ್ತಿ, ಮತ್ತೆ ತೆರಪು ಬಿಟ್ಟು, ಓರೆಗೆರೆಯೊಡನೆ ಬಿ, ಐ, ಎನ್ ಎಂದು ಒತ್ತಿ ಮುಗಿಸಿರಿ. ತೆರೆಯ ಮೇಲೆ ಮೂಡುವ ಸಾಲಿನ ಮೊದಲಕ್ಷರ ಎಲ್ ಆಗಿದ್ದರೆ ಅದು ಸಂಕೇತಕೊಂಡಿ. ಸಾಲಿನ ಕೊನೆಯಲ್ಲಿ ‘ಬಿನ್’ನಿಂದ ‘ಯುಎಸ್‌ಆರ್/ಬಿನ್’ ಕಡೆಗೆ ಒಂದು ಬಾಣದ ಗುರುತು ಕಾಣಿಸುವುದು. ನಾವು ವರ್ಣಿಸಿದ ಕೈಮರ ಅದೇ. ಈ ಆಜ್ಞೆಯಿಂದ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ. ಅದು ಬರಿಯ ನೋಟ. ‘/ಲಿಬ್’, ‘/ಎಸ್‌ಬಿನ್’ಗಳ ಹೆಸರಿನಲ್ಲಿಯೂ ಇದೇ ಪರೀಕ್ಷೆಯನ್ನು ಮಾಡಿ ನೋಡಬಹುದು. ಆದರೆ ಕುತೂಹಲದಿಂದ ಆ ಕೈಮರಗಳನ್ನು ಕಿತ್ತು ನೋಡುವ ಸಾಹಸ ಬೇಡ. ಅದರ ಫಲವೇನೆಂಬುದನ್ನು ಮೇಲೆಯೇ ವಿವರಿಸಿದ್ದೇವೆ.

ಈ ವೃತ್ತಾಂತದಿಂದ ನಾವು ಕಲಿಯತಕ್ಕುದೇನು? ಅರ್ಧ ಮೆಗಾಬೈಟಿನ ತಟ್ಟೆ ತುಂಬಿದುದರಿಂದ ಆದ ಏರ್ಪಾಡೊಂದು, ಆ ತಟ್ಟೆ ಮೂಲೆಗೆ ಬಿದ್ದ ಎಷ್ಟೋ ವರ್ಷಗಳ ತರುವಾಯವೂ ಲಕ್ಷಾಂತರ ಯಂತ್ರಗಳನ್ನು ಆಳಿತು. ಅದನ್ನು ಬದಲಿಸಲು ಬೇಕಾದ ಸಾಗಾಣಿಕೆ ಕೆಲವು ನಿಮಿಷಗಳದು. ಆ ವಿಳಾಸವನ್ನು ನಂಬಿದ್ದವರಿಗೆಲ್ಲ ನಂಬಿಕೆ ಕೆಡದಂತೆ ನೋಡಿಕೊಳ್ಳಲು ಡೆಬಿಯನ್ನಿನಂತಹ ಬಳಗಕ್ಕೆ ವರ್ಷಗಳೇ ಹಿಡಿದುವು. ವಸ್ತುವನ್ನು ಸರಿಸುವುದಕ್ಕೆ ಮುಂಚೆ ಅದರ ಹೆಸರು ಎಲ್ಲೆಲ್ಲಿ ಬರೆದಿದೆಯೆಂದು ಕೇಳಬೇಕು. ಸರಿಸಿದ ಮೇಲೆ ಹಳೆಯ ಜಾಗದಲ್ಲಿ ಕೈಮರ ನೆಡಬೇಕು. ಕೊನೆಗೆ ಪುಸ್ತಕವನ್ನೂ ತಿದ್ದಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಕೆಲಸ ಆದಂತಲ್ಲ. ಊರಿನ ದಾರಿಯನ್ನು ತಿರುಗಿಸುವವರಿಗೂ, ಕಚೇರಿಯ ಕಡತಗಳನ್ನು ಹೊಸ ಕಪಾಟಿಗೆ ಸಾಗಿಸುವವರಿಗೂ ಇದು ಸಲ್ಲುವ ಮಾತೇ ಆಗಿದೆ.